ಮರಗಟ್ಟಿದ ಕಾಲು, ಹಂಚಿದ ಬೆಲ್ಲ

೧. ಊರು: ರೋಣದ ಬಳಿಯ ಜಕ್ಕಲಿ.
೨. ಕಾಲ: ನರಗುಂದದಲ್ಲಿ ಅರಸರಿದ್ದ ದಿನಗಳು.
೩. ವಿಷಯ: ‘ಮರಗಟ್ಟು’ ಎಂಬ ಶಬ್ದ.

ಇಂದು ಕುಸುಬಿ ಎಣ್ಣೆಯ ವಾಸನೆಗೆ ನೆನಪಾದುದನ್ನು ಸವಿನಯವಾಗಿ ನಿವೇದಿಸುತ್ತೇನೆ. ಬಾಲ್ಯದಲ್ಲಿ ಜ್ವರ ಬಿಟ್ಟ ಮೇಲೆ ನನ್ನ ಬಲಗಾಲಿನಲ್ಲಿ ಸ್ಪರ್ಶಜ್ಞಾನವೇ ಉಳಿಯಲಿಲ್ಲ.

“ಕಾಲು ಮರ ಆದಂಗಾತು. ಅದಕ್ಕ ಮರಗಟ್ಟೂದು ಅಂತಾರ. ಇವ ಇನ್ನ ನಡಿಯಾಂಗಿಲ್ಲ,” ಎಂದರು ಅಜ್ಜ.

“ಮರ ಚಿಗರೂದಿಲ್ಲೇನ್ರಿ?” ಎಂದಳು ಅಜ್ಜಿ.

ಅವಳು ದಿನಾಲೂ ಬಿಸಿ ಕುಸುಬಿ ಎಣ್ಣೆ ತಿಕ್ಕಿ, ಜಾಲಿಮುಳ್ಳಿನಿಂದ ಪಾದವನ್ನು ಚುಚ್ಚಿ ನೋಡುತ್ತಿದ್ದಳು. ಸುಗ್ಗಿಯ ಹೊತ್ತಿಗೆ ಒಂದು ಮುಂಜಾನೆ ನಾನು, “ಯವ್ವಾ, ಸತ್ನಬೇ!” ಎಂದು ಚೀರಿದೆ.

“ಚೀರಲೇ, ಇನ್ನೂ ಜೋರ್ ಚೀರು!” ಎಂದು ನಕ್ಕ ಅಜ್ಜಿ, ನನಗೆ ನೋವಾದ ಸಂತೋಷಕ್ಕೆ ಓಣಿಗೆಲ್ಲ ಬೆಲ್ಲ ಹಂಚಿದಳು.

ಕೆಲವು ದಿನಗಳ ಮೇಲೆ, ಹೊಲದಲ್ಲಿದ್ದ ಅಜ್ಜನಿಗೆ ಅವರ ಪಾಲಿನ ಬೆಲ್ಲ ಒಯ್ದು ಕೊಟ್ಟವನು ನಾನೇ. ನಡೆದೇ ಹೋಗಿದ್ದೆ. ಈಗಲೂ ಮುಳ್ಳು ತುಳಿದರೆ ನನಗೆ ಮೊದಲು ನಗು ಬರುತ್ತದೆ.

ಸಹಿ: ಬಸಪ್ಪ, ಜಕ್ಕಲಿ
ಲಗತ್ತು: ಜಾಲಿಮುಳ್ಳು ಒಂದು