ಕಾಲರಕ್ಕನ ಹಿಂದೆ ಬೆಳೆದ ನಗರ

ಆ ನಗರ ಉಳಿದ ದಿಕ್ಕುಗಳನ್ನು ಬಿಟ್ಟು ಪೂರ್ವಕ್ಕೇ ಯಾಕೆ ಬೆಳೆಯಿತು ಎಂದು ತಿಳಿದವರು ನಕ್ಷೆ ಹರಡಿಕೊಂಡು ತಲೆ ಕೆರೆದುಕೊಳ್ಳುತ್ತಾರೆ. ಕಾರಣ ಇಷ್ಟೇ: ಕಾಲರಕ್ಕ ತನ್ನ ಓರಗಿತ್ತಿಯಿಂದ ತಪ್ಪಿಸಿಕೊಂಡು ಓಡಿದ್ದು ಆ ಕಡೆಗೆ.

ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಲರ್ ಕೂರಿಸುತ್ತಿದ್ದುದರಿಂದ ಅವಳಿಗೆ ಆ ಹೆಸರು. ಗಂಡ ತೀರಿಕೊಂಡ ಮೇಲೆ ಹೇಗೆ ಕೂರಬೇಕು, ಯಾರ ಮುಂದೆ ನಗಬಾರದು ಎಂದು ಊರಿಗೆ ಊರೇ ಅವಳಿಗೆ ಬುದ್ಧಿ ಹೇಳತೊಡಗಿತ್ತು. ಸಾಕಾಗಿ ಒಬ್ಬಳೇ ನಗರಕ್ಕೆ ಬಂದಳು. ಯಾರ ಕಣ್ಣಿಗೂ ಬೀಳದೆ ನೆಮ್ಮದಿಯಾಗಿ ಒಂದು ಲೋಟ ಚಹಾ ಕುಡಿಯಬೇಕು, ಪಾಪ, ಅವಳ ಆಸೆಯೆಲ್ಲ ಅಷ್ಟೇ.

ಚಹಾ ಕುದಿಯುವಷ್ಟರಲ್ಲಿ ಓರಗಿತ್ತಿ ಬಾಗಿಲು ಬಡಿದಳು.

"ಬಂದ ಕೂಡ್ಲೇ ಕೆಲಸ ಸಿಕ್ತಂತಲ್ಲೇ! ನಿನ್ನ ಕಾಲ್ಗುಣ ಚೆನ್ನಾಗಿದೆ ಬಿಡು."

ಅವಳ ಹಿಂದೆ ಅವಳ ಗಂಡ, ಅಂದರೆ ಭಾವ. ಭಾವನ ಹಿಂದೆ ಚಿಕ್ಕಮಾವ, ಅವರ ಹಿಂದೆ ಇಡೀ ಊರು. ಊರಿನಲ್ಲಿದ್ದ ಸಾಲಿನಂತೆಯೇ ಬೀದಿಯಲ್ಲೂ ಮನೆ ಹಿಡಿದರು. ಅಕ್ಕಪಕ್ಕದವರ ಜಗಳ ಅಲ್ಲಿ ಯಾವ ಬೈಗುಳಕ್ಕೆ ನಿಂತಿತ್ತೋ ಇಲ್ಲಿ ಅದರ ಮುಂದಿನದರಿಂದ ಶುರುವಾಯಿತು.

ಕಾಲರಕ್ಕ ಟ್ರಂಕು ಕಟ್ಟಿಕೊಂಡು ನಗರದಾಚೆಯ ಜೌಗು ನೆಲದಲ್ಲಿ ಕೋಣೆ ಹಿಡಿದಳು. "ಇಲ್ಲಿಗೆ ನಾಯೀನೂ ಬರಲ್ಲಮ್ಮ" ಎಂದ ಮಾಲೀಕ. ನಾಯಿ ಬರಲಿಲ್ಲ, ಓರಗಿತ್ತಿ ಬಂದಳು. ಕಾಲರಕ್ಕ ಹೋದಳೆಂದರೆ ಅಲ್ಲಿ ಏನೋ ಇರಬೇಕೆಂದು ಉಳಿದವರೂ ಬಂದರು. ಜನ ಬಂದರೆಂದು ಅಂಗಡಿ, ಅಂಗಡಿ ಬಂತೆಂದು ಬಸ್ಸು, ಬಸ್ಸು ಹೂತುಕೊಂಡಿತೆಂದು ಟಾರು ರಸ್ತೆ. ಅವಳು ಇಟ್ಟಿಗೆ ಗೂಡಿನ ಪಕ್ಕಕ್ಕೆ ಹೋದಳು, ಅದೂ ಬಡಾವಣೆಯಾಯಿತು. ಕಸ ಸುರಿಯುವ ಗುಂಡಿಯ ದಂಡೆಗೆ ಹೋದಳು, ಅಲ್ಲಿ ಮೂರು ಮಹಡಿ ಎದ್ದವು. ಕೊನೆಕೊನೆಗೆ ಅವಳು ಕಿಟಕಿಯಿಂದ ಯಾವ ಕಡೆ ನೋಡಿದರೆ ಆ ಕಡೆಯ ನೆಲಕ್ಕೆ ಬೆಲೆ ಏರತೊಡಗಿತು.

ಒಂದು ದಿನ ಕಾಲರ್ ಹೊಲಿಯುತ್ತಿದ್ದಾಗ ಹೊಳೆಯಿತು: ಎಲ್ಲರೂ ಇಲ್ಲಿದ್ದರೆ ಊರಲ್ಲಿ ಯಾರಿದ್ದಾರೆ?

ಊರಿಗೆ ಹೋಗಿ ನೋಡಿದರೆ ಯಾರೂ ಇರಲಿಲ್ಲ. ಹಳೆಯ ಮನೆಯಲ್ಲಿ ಒಲೆ ಹೊತ್ತಿಸಿ, ಹಾಲಿಲ್ಲದ ಚಹಾವನ್ನು ಸೊರ್ ಎಂದು ಸದ್ದು ಮಾಡಿ ಹೀರಿದಳು. ಸುಖಕ್ಕೆ ಕಣ್ಣು ತುಂಬಿ ಬಂತು.

ಆಗ ಬಾಗಿಲ ಬಡಿತ. ಗಂಟು ಹೊತ್ತುಕೊಂಡು, ಏದುಸಿರು ಬಿಡುತ್ತಾ ಓರಗಿತ್ತಿ ನಿಂತಿದ್ದಳು. ಕಾಲರಕ್ಕನ ಪಿತ್ತ ನೆತ್ತಿಗೇರಿತು.

"ಇಲ್ಲಿ ಕೆಲಸಾನೂ ಇಲ್ಲ, ಮಣ್ಣೂ ಇಲ್ಲ! ನಿನ್ನ ಕಾಟ ತಪ್ಪಿಸ್ಕೊಳ್ಳೋಕೇ ನಾನು ಇಷ್ಟು ವರ್ಷ ಓಡಿದ್ದು, ಗೊತ್ತಾ?"

"ಗೊತ್ತು ಕಣೆ." ಓರಗಿತ್ತಿ ಹೊಸ್ತಿಲ ಮೇಲೇ ಕುಸಿದು ಕುಳಿತಳು. "ನಾನು ನಿಮ್ಮ ಭಾವನಿಂದ ಓಡ್ತಿದ್ದೆ. ಹೇಗೆ ಓಡೋದು ಅಂತ ನಮ್ಮಲ್ಲಿ ನಿನಗೊಬ್ಬಳಿಗೇ ಗೊತ್ತಿದ್ದಿದ್ದು."

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಬಸ್ಸು ನಿಂತ ಸದ್ದು, ಟ್ರಂಕುಗಳನ್ನು ಇಳಿಸುವ ಸದ್ದು, ಎಲ್ಲಕ್ಕಿಂತ ಮೇಲೆ ಭಾವನ ಗಂಟಲು.

ಕಾಲರಕ್ಕ ಓರಗಿತ್ತಿಯ ಗಂಟನ್ನು ಎತ್ತಿ ತನ್ನ ತಲೆಯ ಮೇಲಿಟ್ಟುಕೊಂಡಳು.

"ಏಳು, ಹಿತ್ತಲ ಕಡೆಯಿಂದ ಹೋಗೋಣ" ಎಂದಳು.