ಬೆಳಕಿನ ಹಾಡು, ಬಾರದ ಫೋನು

ಹೋದ ವರ್ಷ ಮೇ ತಿಂಗಳ ಒಂದು ರವಿವಾರ. ಅಡ್ಡಮಳೆಯ ದಿನಗಳು. ಬೆಳಿಗ್ಗೆಯಿಂದ ಮೈ ಸುಡುವ ಸೆಕೆ, ಸಂಜೆಯಾದರೆ ಧೂಳೆಬ್ಬಿಸುವ ಗಾಳಿ, ಹಿಂದೆಯೇ ಗುಡುಗು, ಮಳೆ. ಎಲ್ಲರೂ ತಂಪಾಯಿತೆಂದು ಖುಷಿಪಡುವ ಹೊತ್ತಿಗೆ ನನಗೆ ಮಾತ್ರ ಫೋನಿನ ಮೇಲೇ ಕಣ್ಣು. ಯಾಕೆಂದರೆ ನಮ್ಮ ಯಜಮಾನರು ಲೈನ್‌ಮನ್. ಎಲ್ಲೋ ಗಿಡ ಬಿದ್ದು ತಂತಿ ಹರಿದಿದೆ ಎಂದು ಫೋನ್ ಬಂದರೆ ತಾಟಿನ ಮುಂದಿನಿಂದ ಎದ್ದು ಹೋಗಬೇಕು.

ಮದುವೆಯಾದ ಹೊಸದರಲ್ಲಿಯೇ ನಾನು ಅವರಿಗೆ ಒಂದು ಕರಾರು ಹಾಕಿದ್ದೆ. ಮಳೆಗಾಳಿಯಲ್ಲಿ ಕಂಬ ಹತ್ತುವ ಮುಂಚೆ ಒಂದು ಫೋನ್ ಮಾಡಬೇಕು, ಇಳಿದ ಮೇಲೆ ಇನ್ನೊಂದು. ಇಳಿದ ಮೇಲೆ ಅವರು ಹೇಳುವುದು "ಇಳದ್ನಿ" ಎಂದಷ್ಟೇ. ಆ ಒಂದು ಮಾತು ಕೇಳಿದ ಮೇಲೆ ನನಗೆ ಹಸಿವೆ, ನಿದ್ದೆ ಎಲ್ಲ ಮರಳಿ ಬರುತ್ತವೆ.

ನನ್ನದು ಗದಗಿನ ಬೆಟಗೇರಿಯಲ್ಲಿ ಒಂದು ಪುಟ್ಟ ಹೊಲಿಗೆ ಅಂಗಡಿ. ಎದುರಿಗೆ ಗುರಪ್ಪ ಕಾಕಾ ಅವರ ಮೆಣಸಿನಕಾಯಿ ಅಂಗಡಿ. ಕಾಕಾ ತಮ್ಮ ಮೊಮ್ಮಗಳಿಗೆಂದು ಒಂದು ಯುಕುಲೇಲೆ ತಂದಿದ್ದರು. ನಾಲ್ಕು ತಂತಿಯ ಚಿಕ್ಕ ವಾದ್ಯ, ಗಿಟಾರಿನ ಮರಿ ಎನ್ನಿ. ಮೊಮ್ಮಗಳು ಅದನ್ನು ಎರಡು ದಿನ ಆಡಿ ಮೂಲೆಗೆ ಹಾಕಿದಳು. ಕಾಕಾ ಮೊಬೈಲ್ ನೋಡಿಕೊಂಡು ತಾವೇ ಕಲಿಯತೊಡಗಿದರು. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಮೆಣಸಿನಕಾಯಿ ಘಾಟಿನ ಜೊತೆ ಆ ನಾದವೂ ನನ್ನ ಅಂಗಡಿಗೆ ಬರುತ್ತಿತ್ತು. ಕೇಳಿ ಕೇಳಿ ನನ್ನ ಬೆರಳೂ ತುರಿಸಿದವು. ಒಂದು ಕೊಂಡುಕೊಂಡೆ.

ಹೀಗೆ ಒಬ್ಬರಿಂದ ಒಬ್ಬರಿಗೆ ಅಂಟಿ ನಾವು ಏಳೆಂಟು ಮಂದಿಯಾದೆವು. ಮುಂಡರಗಿಯಿಂದ ಬಸ್ಸಿನಲ್ಲಿ ಬರುವ ವೀಣಾ ಟೀಚರ್ ಇದ್ದಾರೆ, ಲಕ್ಷ್ಮೇಶ್ವರದ ಔಷಧಿ ಅಂಗಡಿಯವರೊಬ್ಬರು ಇದ್ದಾರೆ. ಯಾರೂ ದೊಡ್ಡ ಕಲಾವಿದರಲ್ಲ. ತಿಂಗಳಿಗೊಮ್ಮೆ ಕಾಕಾ ಅವರ ಅಂಗಡಿಯ ಮೇಲಿನ ಕೋಣೆಯಲ್ಲಿ ಸೇರುತ್ತೇವೆ. ಪ್ರತಿ ಸಲ ಒಂದು ವಿಷಯ. ಅದರ ಮೇಲೆ ಒಬ್ಬೊಬ್ಬರು ಒಂದೊಂದು ಹಾಡು ತಂದು ಎಲ್ಲರಿಗೂ ಹಾಳೆ ಹಂಚಬೇಕು, ಉಳಿದವರು ತಪ್ಪೋ ಒಪ್ಪೋ ಜೊತೆಗೆ ನುಡಿಸಬೇಕು. ಓಣಿಯವರು ನಮ್ಮನ್ನು ನೋಡಿ, ಇವರಿಗೆ ಈ ವಯಸ್ಸಿನಲ್ಲಿ ಆಟಿಗೆ ಸಾಮಾನಿನ ಹುಚ್ಚು ಹಿಡಿದಿದೆ ಎಂದು ನಗುತ್ತಾರೆ. ನಗಲಿ.

ಆ ತಿಂಗಳ ವಿಷಯ ಬೆಳಕು. ಉಳಿದವರು ದೀಪದ ಹಾಡು, ಹುಣ್ಣಿಮೆಯ ಹಾಡು ಹುಡುಕಿ ತಂದಿದ್ದರು. ನಾನು ಮೊದಲ ಸಲ ಧೈರ್ಯ ಮಾಡಿ ಸ್ವಂತ ಹಾಡು ಕಟ್ಟಿದ್ದೆ. ಬರುವುದೇ ಮೂರು ಕಾರ್ಡ್, ಅಂದರೆ ತಂತಿಗಳ ಮೇಲೆ ಬೆರಳೊತ್ತುವ ಮೂರು ಬಗೆ, ಆ ಮೂರರಲ್ಲೇ ಕೂಡಿಸಿದ್ದೆ.

ಇಬ್ಬರ ಹಾಡು ಮುಗಿಯುವಷ್ಟರಲ್ಲಿ ಗಾಳಿ ಎದ್ದಿತು. ಕಿಟಕಿ ಬಡಿಯಿತು, ಕರೆಂಟ್ ಹೋಯಿತು, ಮಳೆ ಹೊಯ್ದಿತು. ಮಳೆ ನಿಲ್ಲುವವರೆಗೆ ಯಾರೂ ಹೊರಡುವಂತಿರಲಿಲ್ಲ. ಕಾಕಾ ಹಳೆಯ ಕಂದೀಲು ಹಚ್ಚಿಟ್ಟರು. ಬೆಳಕಿನ ಹಾಡಿಗೆ ಕತ್ತಲೆಯೇ ಬೇಕಿತ್ತು ಎಂದು ಯಾರೋ ತಮಾಷೆ ಮಾಡಿದರು. ಹೊರಗೆ ಹೊತ್ತು ಮುಳುಗುತ್ತಿತ್ತು. ಆಗಲೇ ನನಗೆ ಫೋನ್ ಬಂತು.

"ಹರ್ತಿ ಹತ್ರ ಗಿಡ ಬಿದ್ದು ತಂತಿ ಹರದೈತಿ. ಹತ್ತಾಕತ್ತೀನಿ" ಎಂದರು ಯಜಮಾನರು. ಹರ್ತಿ ಗದಗಿನ ಆಚೆಯ ಒಂದು ಹಳ್ಳಿ. ಫೋನಿನಲ್ಲಿ ಗಾಳಿಯ ಸದ್ದು ಜೋರಾಗಿತ್ತು. ಹುಷಾರ್ರಿ ಎನ್ನುವಷ್ಟರಲ್ಲಿ ಫೋನ್ ಕಟ್ಟಾಯಿತು.

ಆಮೇಲೆ ಯಾರು ಏನು ಹಾಡಿದರೋ ನನಗೆ ನೆನಪಿಲ್ಲ. ಫೋನನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ತಂತಿ ಮೀಟುತ್ತಿದ್ದೆ. ನನ್ನ ಸರದಿ ಬಂತು. ಈಗ ಬೇಡ ಎಂದರೆ ಎಲ್ಲರೂ ಕಾರಣ ಕೇಳುತ್ತಾರೆ, ಕಾರಣ ಬಾಯಲ್ಲಿ ಹೇಳುವುದು ಅಪಶಕುನ ಅನಿಸಿತು. ಹಾಡಲು ಶುರು ಮಾಡಿದೆ.

ಬಾ ಬೆಳಕೆ ಬಾ, ಬಾಗಿಲ ತೆರೆದೀನಿ ಬಾ,
ಕಾಯ್ಕೋಂತ ಕುಂತೀನಿ, ಜಲ್ದಿ ಹೆಜ್ಜಿ ಇಡು ಬಾ.

ಎರಡನೇ ಸಲ "ಜಲ್ದಿ" ಎಂದಿದ್ದೇ ತಡ, ಕೋಣೆಯ ದೀಪಗಳೆಲ್ಲ ಒಮ್ಮೆಲೇ ಹತ್ತಿಕೊಂಡವು. ಎಲ್ಲರೂ ಹೋ ಎಂದು ಚಪ್ಪಾಳೆ ತಟ್ಟಿದರು. ನನ್ನ ಹಾಡು ಕೇಳಿ ಕರೆಂಟ್ ಓಡೋಡಿ ಬಂತು ಎಂದು ಕಾಕಾ ನಕ್ಕರು. ನಾನು ಹಾಡು ಅಲ್ಲಿಗೇ ನಿಲ್ಲಿಸಿದೆ. ಅವರಿನ್ನೂ "ಇಳದ್ನಿ" ಎಂದಿರಲಿಲ್ಲ.

ಕಂಬ ಹತ್ತುವ ಮುಂಚೆ ಕರೆಂಟ್ ಬಿಡುವ ಸ್ಟೇಷನ್‌ಗೆ ಹೇಳಿ ಲೈನ್ ಬಂದ್ ಮಾಡಿಸುತ್ತಾರೆ, ಇಳಿದು ಇವರೇ ಹೇಳಿದ ಮೇಲೆ ಮತ್ತೆ ಕರೆಂಟ್ ಬಿಡುತ್ತಾರೆ. ಇಷ್ಟು ನನಗೆ ಗೊತ್ತು. ಆದರೆ ಬೆಟಗೇರಿಯ ಲೈನ್ ಯಾವುದು, ಹರ್ತಿಯದು ಯಾವುದು, ಒಂದಕ್ಕೊಂದು ಸಂಬಂಧ ಇದೆಯೋ ಇಲ್ಲವೋ ಗೊತ್ತಿಲ್ಲ. ಅರ್ಧಂಬರ್ಧ ತಿಳಿದದ್ದೇ ನನಗೆ ಮುಳುವಾಯಿತು. ಫೋನ್ ಹಚ್ಚಿದೆ. ಸ್ವಿಚ್ ಆಫ್. ಮತ್ತೆ ಹಚ್ಚಿದೆ, ಅದೇ ಹೆಣ್ಣಿನ ದನಿ ಅದೇ ಮಾತು ಹೇಳಿತು. ಅವರ ಫೋನ್ ಎಂದೂ ಬಂದ್ ಇರುವುದಿಲ್ಲ.

ನನ್ನ ಮುಖ ನೋಡಿ ವೀಣಾ ಟೀಚರ್ ಹತ್ತಿರ ಬಂದರು. ಹೇಳಲು ಹೋದರೆ ಅಳುವೇ ಮುಂದಾಯಿತು. ಅಂತೂ ಹೇಳಿದೆ. ಕಾಕಾ ಗೂಟಕ್ಕೆ ಹಾಕಿದ್ದ ಸ್ಕೂಟರಿನ ಚಾವಿ ತೆಗೆದುಕೊಂಡರು.

"ಅಳಬ್ಯಾಡ ಯವ್ವಾ. ಇಲ್ಲಿ ಕುಂತು ಒದ್ದಾಡೂದಕ್ಕಿಂತ ಹೋಗಿ ನೋಡೇ ಬಿಡೂಣು, ನಡಿ."

ಮಳೆ ನಿಂತಿತ್ತು. ರಸ್ತೆಯ ತುಂಬ ಮುರಿದ ಟೊಂಗೆಗಳು. ಊರು ದಾಟುವವರೆಗೂ ಮನೆ ಮನೆಯಲ್ಲಿ ದೀಪ, ಅಂಗಡಿಗಳಲ್ಲಿ ದೀಪ. ಒಂದೊಂದು ದೀಪ ಕಂಡಾಗಲೂ ಮತ್ತೆ ಅವರಿಗೆ ಫೋನ್ ಹಚ್ಚುತ್ತಿದ್ದೆ. ದಾರಿಯ ಮೇಲಿನ ನಾಲ್ಕಾರು ಮನೆಗಳಲ್ಲೂ ಕರೆಂಟ್ ಬಂದಿತ್ತು. ಅಲ್ಲಿ ನಿಂತವರನ್ನು ಕಾಕಾ ಕೇಳಿದರು, ಹರ್ತಿಯ ಸುದ್ದಿ ಏನಾದರೂ ಗೊತ್ತೇ ಎಂದು. ಗೊತ್ತಿಲ್ಲ ಎಂದರು. ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಮನಸ್ಸು ಹಾಳಾದದ್ದು, ಬೇಡವೆಂದರೂ ಏನೇನೋ ತೋರಿಸುತ್ತಿತ್ತು.

ಸ್ವಲ್ಪ ಮುಂದೆ ಹೋದ ಮೇಲೆ ಕಾಕಾ ಸ್ಕೂಟರ್ ನಿಧಾನ ಮಾಡಿ ಕೈ ತೋರಿಸಿದರು. ಅಲ್ಲೇ ಹರ್ತಿ ಎಂದರು. ನನಗೆ ಏನೂ ಕಾಣಲಿಲ್ಲ. ಊರಿಗೆ ಊರೇ ಕತ್ತಲೆಯಲ್ಲಿತ್ತು. ಒಂದು ಕಿಟಕಿಯಲ್ಲೂ ಮಿಣುಕು ಇರಲಿಲ್ಲ. ಕತ್ತಲೆ ನೋಡಿ ಅಷ್ಟು ಸಮಾಧಾನ ನನಗೆ ಜನ್ಮದಲ್ಲಿ ಆಗಿಲ್ಲ. ಇಲ್ಲಿ ಲೈನ್ ಇನ್ನೂ ಬಂದ್ ಇದೆ, ಅವರಿಗೆ ಏನೂ ಆಗಿರಲಿಕ್ಕಿಲ್ಲ. ಇನ್ನಷ್ಟು ಹೊತ್ತು ಹೀಗೇ ಇರಲಿ ಎಂದು ಮನಸ್ಸಿನಲ್ಲೇ ಕೈಮುಗಿದೆ.

ಮುಗಿದ ಕೈ ಬಿಡುವುದರೊಳಗೆ ಇಡೀ ಹರ್ತಿ ಝಗ್ ಎಂದು ಬೆಳಗಿತು. ಊರೊಳಗಿನಿಂದ ಹುಡುಗರ ಕೇಕೆ ಕೇಳಿಸಿತು. ನಾನು ಕೈಯಲ್ಲಿದ್ದ ಫೋನ್ ನೋಡಿದೆ. ಅದು ಸುಮ್ಮನೇ ಇತ್ತು. ಕಾಕಾ ಗಾಡಿ ಜೋರು ಬಿಟ್ಟರು. ನಾನು ಅವರ ಅಂಗಿಯನ್ನು ಹಿಡಿದ ಹಿಡಿತಕ್ಕೆ ಅದರ ಹೊಲಿಗೆ ಬಿಚ್ಚಿತ್ತು ಎಂದು ಮರುದಿನ ಗೊತ್ತಾಯಿತು.

ಊರ ಬಾಗಿಲಲ್ಲಿ ಗುಡಿಯ ಕಟ್ಟೆಯ ಮೇಲೆ ಏಳೆಂಟು ಜನ ಕುಳಿತಿದ್ದರು. ನಡುವೆ ನಮ್ಮ ಯಜಮಾನರು, ಕೆಸರು ಮೆತ್ತಿದ ಕಾಲು ಇಳಿಬಿಟ್ಟುಕೊಂಡು ಮಿರ್ಚಿ ಭಜಿ ತಿನ್ನುತ್ತಿದ್ದರು. ನನ್ನನ್ನು ನೋಡಿದ್ದೇ ಅವರ ಮುಖದ ಬಣ್ಣ ಹೋಯಿತು. ತಿನ್ನುವುದು ಬಿಟ್ಟು ಎದ್ದು ಬಂದರು.

"ಯಾಕ ಬಂದಿ? ಮನ್ಯಾಗ ಎಲ್ಲಾರೂ ಆರಾಮ ಅದಾರಲ್ಲ?"

ಅವರ ಎರಡೂ ಕೈ ಹಿಡಿದು ಅಂಗೈ ತಿರುವಿ ನೋಡಿದೆ, ತೋಳು ಮುಟ್ಟಿ ನೋಡಿದೆ. ಜನರೆಲ್ಲ ನೋಡುತ್ತಿದ್ದರು, ನನಗೆ ಅದರ ಅರಿವಿರಲಿಲ್ಲ. ಆಮೇಲೆ ಬಂತು ಸಿಟ್ಟು.

"ಫೋನ್ ಯಾಕ ಬಂದ್ ಮಾಡೀರಿ?"

ಮೇಲೆ ಸರಿಯಾಗಿ ಕಾಣಲೆಂದು ಕೆಳಗಿದ್ದವರ ಕೈಗೆ ತಮ್ಮ ಮೊಬೈಲನ್ನೇ ಕೊಟ್ಟು ಅದರ ಬ್ಯಾಟರಿ ಬೆಳಕು ಹಿಡಿಸಿದ್ದರಂತೆ, ಚಾರ್ಜ್ ಮುಗಿದುಹೋಯಿತಂತೆ. ಇಳಿದ ಮೇಲೆ ಊರವರೊಬ್ಬರ ಫೋನಿನಿಂದ ಸ್ಟೇಷನ್‌ಗೆ ಹೇಳಿದರಂತೆ. ಹಾಗಾದರೆ ಅದೇ ಫೋನಿನಿಂದ ನನಗೂ ಒಂದು ಮಾತು ಹೇಳಬಾರದಿತ್ತೇ ಎಂದು ಕೇಳಿದೆ. ಅವರು ತಲೆ ಕೆರೆದುಕೊಂಡರು.

"ನಿನ್ನ ನಂಬರ್ ಬಾಯಿಪಾಠ ಇಲ್ಲ."

"ಸ್ಟೇಷನ್‌ದು ಐತಿ?"

"ಅದು ಐತಿ."

ಕಟ್ಟೆಯ ಮೇಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ನನಗೆ ಅಳುವೋ ನಗುವೋ ತಿಳಿಯದ ಸ್ಥಿತಿ. ಆಗ ಒಬ್ಬ ಮುದುಕಿ ಹತ್ತಿರ ಬಂದು, ಇದೇನವ್ವಾ ಬೆನ್ನಿಗೆ ಕೂಸು ಕಟ್ಟಿಕೊಂಡು ಬಂದಿದ್ದೀ ಎಂದು ಕೇಳಿದಳು. ಹೊರಡುವ ಗಡಿಬಿಡಿಯಲ್ಲಿ ಬೆನ್ನಿಗೇರಿಸಿದ್ದ ಯುಕುಲೇಲೆಯ ಚೀಲ ಹಾಗೇ ಇತ್ತು. ಅದೇನೆಂದು ಕಾಕಾ ವಿವರಿಸಿದರು. ಹಾಡು ಎಂದು ಎಲ್ಲರೂ ಗಂಟುಬಿದ್ದರು. ನಾನು ಚೀಲ ಇಳಿಸಿ ಕಾಕಾ ಅವರ ಕೈಗೆ ಕೊಟ್ಟೆ. ಕಾಕಾ ತಾವೇ ಕಟ್ಟೆಯ ಮೇಲೆ ಕುಳಿತು ನನ್ನ ಹಾಡು ಎತ್ತಿಕೊಂಡರು. "ಜಲ್ದಿ" ಎನ್ನುವಲ್ಲಿಗೆ ಬಂದಾಗ ತಡೆದು ನನ್ನ ಮುಖ ನೋಡಿದರು. "ಸಾವಕಾಶ ಹೆಜ್ಜಿ ಇಡು ಬಾ" ಎಂದು ಬದಲಿಸಿ ಹಾಡಿದರು. ಈಗ ನಮ್ಮ ಗುಂಪಿನಲ್ಲಿ ಎಲ್ಲರೂ ಅದನ್ನು ಹಾಗೇ ಹಾಡುತ್ತಾರೆ.

ಯಜಮಾನರ ಬೈಕಿನಲ್ಲಿ ಮನೆಗೆ ಹೊರಟೆ. ಹಿಂದೆ ಕುಳಿತು ನನ್ನ ನಂಬರನ್ನು ಒಂದೊಂದೇ ಅಂಕಿ ಹೇಳಿಕೊಟ್ಟೆ. ತಪ್ಪಿದರೆ ಮತ್ತೆ ಮೊದಲಿನಿಂದ. ಹರ್ತಿಯಿಂದ ಗದಗಿನವರೆಗೂ ನಮ್ಮಿಬ್ಬರ ನಡುವೆ ಬೇರೆ ಮಾತಿರಲಿಲ್ಲ. ಮನೆ ಬಾಗಿಲಿಗೆ ಬರುವಷ್ಟರಲ್ಲಿ ಅವರು ತಡವರಿಸದೆ ಹೇಳಿದರು.

ಇದಾಗಿ ಒಂದು ವರ್ಷವಾಯಿತು. ಈಗಲೂ ಬೆಳಿಗ್ಗೆ ಊಟದ ಡಬ್ಬಿ ಕೈಗೆ ಕೊಡುವ ಮುಂಚೆ ನಂಬರ್ ಹೇಳ್ರಿ ಎನ್ನುತ್ತೇನೆ. ಅವರು ಒಂದೇ ಉಸಿರಿನಲ್ಲಿ ಹೇಳಿ ನಗುತ್ತಾರೆ. ನನಗೆ ಮಾತ್ರ ಇನ್ನೂ ನಗು ಬಂದಿಲ್ಲ.