ಮಿಕ್ಸರ್ ತೆಗೆದ ಮೇಲೆ

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಹಳೇಬೀಡಿನಲ್ಲಿ ಮೈಕ್ ಸೆಟ್ ಅಂಗಡಿ ಇಟ್ಟು, ಸುತ್ತಲ ಮದುವೆಗಳಿಗೆಲ್ಲ ಹಾಡು ಹಾಕುತ್ತಿದ್ದೆ. ನನ್ನ ಸೆಟ್ಟು ಅರ್ಧಕ್ಕೆ ನಿಲ್ಲುವುದಿಲ್ಲ ಅನ್ನುವ ಹೆಸರೊಂದೇ ನನ್ನ ಆಸ್ತಿ.

ಹೆಂಡತಿಯ ತಮ್ಮನಿಗೆ ಈ ಕೆಲಸ ಕಲಿಸಿದವನೂ ನಾನೇ. ಮೊದಲು ಹೇಳಿಕೊಟ್ಟದ್ದು ಒಂದೇ ಮಾತು: ಹಾಡಿನ ಸದ್ದು ಏರಿಸಿ ಇಳಿಸುವ ಮಿಕ್ಸರಿನ ವಾಲ್ಯೂಮ್ ಸೊನ್ನೆಗೆ ತಿರುಗಿಸದೆ ಆಂಪ್ಲಿಫೈಯರಿನ ಸ್ವಿಚ್ಚು ಮುಟ್ಟಬಾರದು. ಆಂಪ್ಲಿಫೈಯರ್ ನಾನೇ ಕಟ್ಟಿದ್ದು, ಅದಕ್ಕೆ ವಾಲ್ಯೂಮಿನ ಗುಂಡಿ ಬೇರೆ ಇರಲಿಲ್ಲ.

ಕ್ಯಾಸೆಟ್ಟು ಹೋಗಿ ಕಂಪ್ಯೂಟರಿನಲ್ಲಿ ಹಾಡು ಹಾಕುವ ಕಾಲ ಬಂತು. ಅರಸೀಕೆರೆಯಲ್ಲಿ ಕಂಪ್ಯೂಟರ್ ಕಲಿತು ಬಂದಿದ್ದ ಬಾಮೈದ ಒಂದು ದಿನ ಅಂಗೈಯಗಲದ ಪೆಟ್ಟಿಗೆ ತಂದ. ಕಂಪ್ಯೂಟರಿನೊಳಗಿನ ಅಂಕಿಗಳನ್ನು ಸದ್ದಾಗಿಸಿ ಕೊಡುತ್ತದಂತೆ. ಅದರ ಹೆಸರು ಡ್ಯಾಕ್ ಎಂದ.

“ಭಾವ, ಇದನ್ನ ಸೀದಾ ಆಂಪ್ಲಿಫೈಯರ್‌ಗೆ ಕೊಡಾನ. ಮಧ್ಯದಾಗೆ ಮಿಕ್ಸರ್ ಯಾಕೆ? ಸದ್ದು ಕೆಡಾದೇ ಅಲ್ಲಿ.”

“ವಾಲ್ಯೂಮು ಎಲ್ಲೈತ್ಲಾ?”

“ಕಂಪ್ಯೂಟರ್‌ನಾಗೇ ಐತೆ. ಎತ್ತಿಗೆ ಮೂಗುದಾರ ಹಾಕ್ದಂಗೆ ಮೋಟರ್ ಬೈಕಿಗೂ ಹಾಕ್ತೀರಾ?”

ಅಂಗಡಿಯಲ್ಲಿ ಕೂತಿದ್ದವರು ನಕ್ಕರು, ನಾನೂ ನಕ್ಕೆ. ಜೋಡಿಸಿ ಹಾಡು ಹಾಕಿದರೆ, ನಿಜ ಹೇಳಬೇಕು, ನಾದಸ್ವರದವನು ಉಸಿರು ಎಳೆದುಕೊಳ್ಳುವುದೂ ಕೇಳಿಸಿತು. ಮೈ ಜುಮ್ಮೆಂದಿತು. “ಮಿಕ್ಸರ್ ಇಲ್ಲಿ ಧೂಳು ಹಿಡೀತದೆ, ನಾನಿಟ್ಕಂಡಿರ್ತೀನಿ” ಎಂದು ಅವನೇ ಒಯ್ದ.

ಆಮೇಲೆ ಮಾದಿಹಳ್ಳಿಯ ಮದುವೆ. ಜನ ಎಲೆ ಮುಂದೆ ಕೂತಿದ್ದರು. ಕರೆಂಟು ಹೋಗಿ ಬಂತು. ಕಂಪ್ಯೂಟರು ಮತ್ತೆ ಎದ್ದಾಗ ವಾಲ್ಯೂಮು ಪೂರ್ತಿ ಏರಿಕೊಂಡಿತ್ತು. ನೋಡದೆ ಬಾಮೈದ ಹಾಡು ಒತ್ತಿದ. ಸಿಡಿಲು ಬಡಿದ ಹಾಗೆ ಒಂದು ಅಬ್ಬರ, ಹಿಂದೆಯೇ ಸ್ಪೀಕರಿನ ಕಾಯಿಲ್ ಸುಟ್ಟ ವಾಸನೆ. ಬಡಿಸುತ್ತಿದ್ದವನು ಸಾರಿನ ಬಕೆಟ್ಟು ಕೈಬಿಟ್ಟ. ಮಕ್ಕಳು ಕಿರುಚಿಕೊಂಡವು.

ಹೆಣ್ಣಿನ ತಂದೆ ಓಡಿ ಬಂದರು. “ಏನ್ರಯ್ಯಾ ಇದು, ಉಣ್ಣೋ ಹೊತ್ನಾಗೆ?”

“ಮಿಕ್ಸರ್ ಬೇಕೇ ಬೇಕು ಅಂತ ಬಡ್ಕಂಡೆ ಯಜಮಾನ್ರೆ,” ಎಂದ ಬಾಮೈದ. “ಭಾವ ಕೇಳ್ಬೇಕಲ್ಲ? ಓದಿಲ್ಲ, ಏನ್ ಮಾಡಾದು.”

ನನ್ನ ಕಡೆ ನೋಡಲಿಲ್ಲ. ಮಂದಿಯ ಮದುವೆ ಮನೆಯಲ್ಲಿ ಹೆಂಡತಿಯ ತಮ್ಮನ ಮೇಲೆ ಜಗಳಕ್ಕೆ ನಿಲ್ಲಲೇ? ಸುಟ್ಟ ಸ್ಪೀಕರು ಹೊತ್ತು ಮನೆಗೆ ಬಂದೆ.

“ಗಾಬ್ರೀಲಿ ಅಂದಿರ್ತಾನೆ ಬಿಡಿ,” ಎಂದಳು ಹೆಂಡತಿ. ನಾನೂ ಹಾಗೇ ನಂಬಿಕೊಂಡೆ.

ಅವನ ಮಾತು ಊರೂರು ಸುತ್ತಿತು. ನನ್ನ ಸೆಟ್ಟು ಗೊತ್ತುಮಾಡಿದ್ದವರು ಒಬ್ಬೊಬ್ಬರಾಗಿ ಬೇಡ ಎಂದರು. ಅವನು ಬೇಲೂರಿನಲ್ಲಿ ಸ್ವಂತ ಸೆಟ್ಟು ಇಟ್ಟ.

ಮುಂದೆ ಹುಲಿಕೆರೆಯಲ್ಲಿ ನೆಂಟರ ಮದುವೆಗೆ ಹೋದೆ. ಹಾಡು ಅವನದೇ. ಚಪ್ಪರದ ಮೂಲೆಯಲ್ಲಿ ಕಂಪ್ಯೂಟರು, ಡ್ಯಾಕು, ಕೊನೆಗೆ ಆಂಪ್ಲಿಫೈಯರು. ಡ್ಯಾಕಿಗೂ ಆಂಪ್ಲಿಫೈಯರಿಗೂ ನಡುವೆ ನನ್ನ ಮಿಕ್ಸರು. ಮುರಿದ ಗುಂಡಿಯ ಜಾಗಕ್ಕೆ ಹಳೇ ರೇಡಿಯೋದ ಬಿಳೀ ಗುಂಡಿ ಹಾಕಿದ್ದವನು ನಾನು, ಗುರುತು ಸಿಗದೆ ಇರುತ್ತದೆಯೇ? ಅವನು ಆ ಗುಂಡಿಯನ್ನು ಸೊನ್ನೆಗೆ ತಿರುಗಿಸಿ, ಆಮೇಲೆ ಸ್ವಿಚ್ಚು ಒತ್ತಿದ. ನಾನು ಕಲಿಸಿದ ಹಾಗೆಯೇ.

ಹತ್ತಿರ ಹೋಗಿ, “ಇದು ಬ್ಯಾಡ ಅಂದಿದ್ಯಲ್ಲೋ,” ಎಂದೆ.

“ಅಯ್ಯೋ ಭಾವ, ಯಾವಾಗ ಬಂದ್ರಿ? ಊಟ ಮಾಡ್ಹೋಗಿ,” ಎಂದವನೇ ಬಿಳೀ ಗುಂಡಿಯನ್ನು ಮೇಲಕ್ಕೆ ತಿರುಗಿಸಿದ. ಆಮೇಲೆ ನಾನು ಅಂದದ್ದು ಯಾರಿಗೂ ಕೇಳಿಸಲಿಲ್ಲ.